ಓಪನ್ ಸೋರ್ಸ್‌ಗೆ ಮೊದಲ ಕೋಡ್ ಕಳಿಸುವುದು ಹೇಗೆ: ಸಾಮಾನ್ಯ ಪ್ರೋಗ್ರಾಮರ್‌ಗೆ ಸಮಗ್ರ ಮಾರ್ಗದರ್ಶಿ

ಓಪನ್ ಸೋರ್ಸ್‌ಗೆ, ಅಂದರೆ ಯಾರು ಬೇಕಾದರೂ ಓದಿ, ಬದಲಿಸಿ, ಹಂಚಬಹುದಾದ ಸಾಫ್ಟ್‌ವೇರ್‌ಗೆ, ಏನಾದರೂ ಮಾಡಬೇಕು ಅಂತ ಹೊರಟ ಬಹಳಷ್ಟು ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಹೆಸರುವಾಸಿ ಪ್ರಾಜೆಕ್ಟ್ ಒಂದನ್ನು ಹಿಡಿಯುತ್ತಾರೆ, ಫೋರ್ಕ್ ಮಾಡುತ್ತಾರೆ (ಅದರ ನಕಲನ್ನು ತಮ್ಮ ಖಾತೆಗೆ ತಂದುಕೊಳ್ಳುತ್ತಾರೆ), ಎಲ್ಲೋ ಎರಡು ಸಾಲು ಬದಲಿಸಿ ಪುಲ್ ರಿಕ್ವೆಸ್ಟ್, ಅಂದರೆ 'ಈ ಬದಲಾವಣೆ ಸೇರಿಸಿಕೊಳ್ಳಿ' ಎಂಬ ಕೋರಿಕೆ, ಕಳಿಸುತ್ತಾರೆ. ಅದನ್ನು ಯಾರೂ ತಿರುಗಿ ನೋಡುವುದಿಲ್ಲ, ಇಲ್ಲಾ ಪ್ರಾಜೆಕ್ಟ್ ನಡೆಸುವವರು ಒಂದು ಸಾಲಿನ ಉತ್ತರ ಹಾಕಿ ಮುಚ್ಚಿಬಿಡುತ್ತಾರೆ. 'ನನಗೆ ಅಷ್ಟು ಕೋಡಿಂಗ್ ಬರಲ್ಲ' ಅಂದುಕೊಂಡು ಇವರೂ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಕೋಡಿಂಗ್ ಬರದೇ ಹೀಗಾಗುವುದು ಕಡಿಮೆ. ಹೆಚ್ಚಿನ ಸಲ ಕೆಲಸದ ಕ್ರಮ ತಪ್ಪಿರುತ್ತದೆ. ಕೋಡ್ ಬರೆಯುವುದು ಈ ಕೆಲಸದಲ್ಲಿ ಆರನೇ ಹಂತ. ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಯಾವುದಾದರೂ ಒಂದು ಭಾಷೆಯಲ್ಲಿ ದಿನನಿತ್ಯದ ಕೆಲಸ ಮಾಡುವಷ್ಟು ಪ್ರೋಗ್ರಾಮಿಂಗ್ ಬಂದರೆ ಸಾಕು.

## ಹಂತ 1: ಆಫೀಸಿನ ಕರಾರು ಓದಿ

ನೀವು ಕೆಲಸದಲ್ಲಿದ್ದರೆ ಮೊದಲು ಅಪಾಯಿಂಟ್‌ಮೆಂಟ್ ಪತ್ರ ತೆಗೆಯಿರಿ. ಕೆಲಸದಲ್ಲಿರುವಾಗ ಬರೆದ ಕೋಡ್ ಕಂಪನಿಗೆ ಸೇರುತ್ತದೆ ಎಂಬ ಷರತ್ತು ಬಹಳ ಪತ್ರಗಳಲ್ಲಿ ಇರುತ್ತದೆ. ಕೆಲವು ಪತ್ರಗಳು ರಾತ್ರಿ ಮನೆಯಲ್ಲಿ ಕೂತು ಬರೆದದ್ದನ್ನೂ ಅದರಲ್ಲಿ ಸೇರಿಸುತ್ತವೆ. ಹಾಗಿದ್ದರೆ ಮ್ಯಾನೇಜರ್‌ಗೋ ಎಚ್‌ಆರ್‌ಗೋ ಮೇಲ್ ಬರೆದು ಒಪ್ಪಿಗೆ ಪಡೆಯಿರಿ. 'ಪರವಾಗಿಲ್ಲ, ಮಾಡಿ' ಎಂಬ ಬಾಯಿಮಾತು ಸಾಲದು.

ಇದು ಸುಮ್ನೆ ಭಯಪಡಿಸುವ ಮಾತಲ್ಲ. ಕೋಡ್ ಕಳಿಸುವಾಗ 'ಇದನ್ನು ಕೊಡುವ ಹಕ್ಕು ನನಗಿದೆ' ಅಂತ ನೀವು ಮಾತು ಕೊಡುತ್ತಿರುತ್ತೀರಿ. ಲಿನಕ್ಸ್ ಕರ್ನಲ್‌ನಲ್ಲಿ 2004ರಿಂದ ಪ್ರತಿ ಪ್ಯಾಚ್‌ನ (ಕಳಿಸುವ ಬದಲಾವಣೆಯ) ವಿವರಣೆಯ ಕೊನೆಗೆ, ಈ ಮಾತು ಕೊಡುವ 'ಸೈನ್ಡ್ ಆಫ್ ಬೈ' ಎಂಬ ಸಾಲು ಇರಲೇಬೇಕು. ಬೇರೆ ಕೆಲವು ಪ್ರಾಜೆಕ್ಟ್‌ಗಳು ಕೋಡ್ ಬಳಸುವ ಹಕ್ಕನ್ನು ಪ್ರಾಜೆಕ್ಟ್‌ಗೆ ಕೊಡುವ ಸಿಎಲ್‌ಎ ಎಂಬ ಒಪ್ಪಂದಕ್ಕೆ ಸಹಿ ಕೇಳುತ್ತವೆ. ಕೋಡ್ ನಿಜಕ್ಕೂ ಕಂಪನಿಯದ್ದಾಗಿದ್ದರೆ ನಿಮಗೂ ತೊಂದರೆ, ಆ ಪ್ರಾಜೆಕ್ಟ್‌ಗೂ ತೊಂದರೆ.

ಆಫೀಸ್ ಲ್ಯಾಪ್‌ಟಾಪ್ ಮತ್ತು ಆಫೀಸ್ ಇಮೇಲ್ ಎರಡನ್ನೂ ಇದಕ್ಕೆ ಬಳಸಬೇಡಿ.

## ಹಂತ 2: ಸಾಮಾನು ಜೋಡಿಸಿಕೊಳ್ಳಿ

ಬೇಕಾಗುವುದು ಕಡಿಮೆಯೇ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್, ನಿಮಗೆ ಅಭ್ಯಾಸ ಇರುವ ಎಡಿಟರ್, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಒಂದು ಖಾತೆ. ಕೆಲವು ಪ್ರಾಜೆಕ್ಟ್‌ಗಳು ಗಿಟ್‌ಲ್ಯಾಬ್ ಅಥವಾ ಕೋಡ್‌ಬರ್ಗ್‌ನಲ್ಲಿ ಇರುತ್ತವೆ. ಅಲ್ಲಿನ ಖಾತೆ ಬೇಕಾದಾಗ ಮಾಡಿಕೊಂಡರಾಯಿತು. ವಿಂಡೋಸ್ ಬಳಸುವವರು ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಿಕೊಳ್ಳಿ, ಏಕೆಂದರೆ ಬಿಲ್ಡ್ (ಮೂಲ ಕೋಡ್‌ನಿಂದ ಓಡುವ ಪ್ರೋಗ್ರಾಂ ಮಾಡುವ) ಸೂಚನೆಗಳನ್ನು ಹೆಚ್ಚಾಗಿ ಲಿನಕ್ಸ್ ಮನಸ್ಸಿನಲ್ಲಿಟ್ಟುಕೊಂಡೇ ಬರೆದಿರುತ್ತಾರೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಪಾಸ್‌ವರ್ಡ್. ಕಮಾಂಡ್ ಲೈನ್‌ನಿಂದ ಪುಶ್ ಮಾಡುವಾಗ (ಕೋಡ್ ಅನ್ನು ಗಿಟ್‌ಹಬ್‌ಗೆ ಏರಿಸುವಾಗ) ಖಾತೆಯ ಪಾಸ್‌ವರ್ಡ್ ಕೊಡುವುದನ್ನು ಗಿಟ್‌ಹಬ್ 2021ರ ಆಗಸ್ಟ್ 13ರಂದು ನಿಲ್ಲಿಸಿತು. ಹಳೆಯ ಪಾಠಗಳನ್ನು ನೋಡಿ ಪಾಸ್‌ವರ್ಡ್ ಹಾಕಿದರೆ ಎರರ್ ಬರುತ್ತದೆ. ಪಾಸ್‌ವರ್ಡ್ ಬದಲು ಗುರುತು ತೋರಿಸುವ, ಎರಡು ಭಾಗದ ಎಸ್‌ಎಸ್‌ಎಚ್ ಕೀ ಮಾಡಿಕೊಂಡು, ಅದರ ಪಬ್ಲಿಕ್ ಭಾಗವನ್ನು ಮಾತ್ರ ಖಾತೆಗೆ ಸೇರಿಸಿ. ಪ್ರೈವೇಟ್ ಭಾಗ ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗಬಾರದು.

ಇನ್ನೊಂದು, ಇಮೇಲ್. ಗಿಟ್ ಕಾನ್ಫಿಗ್‌ನಲ್ಲಿ ಹಾಕಿದ ಹೆಸರು ಮತ್ತು ವಿಳಾಸ ಪ್ರತಿ ಕಮಿಟ್‌ನಲ್ಲೂ (ಗಿಟ್‌ನಲ್ಲಿ ದಾಖಲಿಸಿದ ಪ್ರತಿ ಬದಲಾವಣೆಯಲ್ಲೂ) ಶಾಶ್ವತವಾಗಿ, ಎಲ್ಲರಿಗೂ ಕಾಣುವಂತೆ ಉಳಿಯುತ್ತವೆ. ಸ್ವಂತ ವಿಳಾಸ ಕಾಣುವುದು ಬೇಡ ಅನ್ನಿಸಿದರೆ ಗಿಟ್‌ಹಬ್ ಸೆಟಿಂಗ್ಸ್‌ನಲ್ಲಿ ಸಿಗುವ 'ನೋ ರಿಪ್ಲೈ' ವಿಳಾಸ ಬಳಸಿ. ಇದನ್ನು ಮೊದಲ ಕಮಿಟ್‌ಗೆ ಮುಂಚೆಯೇ ಮಾಡಬೇಕು.

ಗಿಟ್ ಅಭ್ಯಾಸವನ್ನು ನಿಮ್ಮದೇ ಖಾಲಿ ರೆಪೊದಲ್ಲಿ (ಕೋಡ್ ಮತ್ತು ಅದರ ಇತಿಹಾಸ ಇಡುವ ಜಾಗದಲ್ಲಿ) ಮಾಡಿ. ಬ್ರ್ಯಾಂಚ್ (ಕೋಡ್‌ನ ಬೇರೆ ಕವಲು), ಕಮಿಟ್, ಪುಶ್, ಬೇಕಂತಲೇ ಮಾಡಿದ ಮರ್ಜ್ ಕಾನ್‌ಫ್ಲಿಕ್ಟ್ (ಎರಡು ಕವಲು ಸೇರಿಸುವಾಗ ಬರುವ ಘರ್ಷಣೆ), ರಿಬೇಸ್ (ನಿಮ್ಮ ಕಮಿಟ್‌ಗಳನ್ನು ಹೊಸ ಕೋಡ್‌ನ ಮೇಲೆ ಮತ್ತೆ ಕೂರಿಸುವುದು), ಎಲ್ಲವನ್ನೂ ಅಲ್ಲಿ ಕಲಿಯಿರಿ. ಬೇರೆಯವರ ರೆಪೊದಲ್ಲಿ ಅಭ್ಯಾಸ ಮಾಡಿದರೆ ಏನಾಗುತ್ತದೆ ನೋಡಿ: 2024ರ ಶುರುವಿನಲ್ಲಿ ಎಕ್ಸ್‌ಪ್ರೆಸ್ ಜೆಎಸ್ ಎಂಬ ವೆಬ್ ಫ್ರೇಮ್‌ವರ್ಕ್‌ನ ರೆಪೊಗೆ ರಾಶಿ ರಾಶಿ ಪುಲ್ ರಿಕ್ವೆಸ್ಟ್ ಬಂದವು. ಹೆಚ್ಚಿನವುಗಳಲ್ಲಿ ಇದ್ದದ್ದು ರೀಡ್‌ಮಿ ಫೈಲಿಗೆ ಸೇರಿಸಿದ ಹೆಸರು, ಅಷ್ಟೇ. ಒಂದು ಪಾಠದ ವಿಡಿಯೋದಲ್ಲಿ ಆ ರೆಪೊವನ್ನು ಉದಾಹರಣೆಯಾಗಿ ತೋರಿಸಿದ್ದರು, ನೋಡಿದವರು ಅದನ್ನೇ ಹಾಗೇ ಮಾಡಿದರು. ಅವನ್ನೆಲ್ಲ ಮುಚ್ಚುವ ಕೆಲಸ ಬಿಡುವಿನಲ್ಲಿ ದುಡಿಯುವ ಕೆಲವೇ ಜನರ ಮೇಲೆ ಬಿತ್ತು.

## ಹಂತ 3: ಪ್ರಾಜೆಕ್ಟ್ ಆರಿಸಿ

ನೀವು ಬಳಸದ ಸಾಫ್ಟ್‌ವೇರ್‌ಗೆ ಕೋಡ್ ಬರೆಯಲು ಹೋಗಬೇಡಿ. ಇದೊಂದು ಮಾತನ್ನು ಹಿಡಿದುಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಬಳಸುವವರಿಗೆ ಅದು ಹೇಗೆ ನಡೆಯಬೇಕು ಅಂತ ಗೊತ್ತಿರುತ್ತದೆ, ಎಲ್ಲಿ ಕೈಕೊಡುತ್ತದೆ ಅಂತಲೂ ಗೊತ್ತಿರುತ್ತದೆ. ಒಂದು ಹಾಳೆ ತೆಗೆದುಕೊಂಡು ನೀವು ದಿನಾ ಬಳಸುವ ಓಪನ್ ಸೋರ್ಸ್ ಆ್ಯಪ್‌ಗಳು, ಎಡಿಟರ್ ಪ್ಲಗಿನ್‌ಗಳು, ನಿಮ್ಮ ಪ್ರಾಜೆಕ್ಟ್‌ನ ಪ್ಯಾಕೇಜ್ ಫೈಲಿನಲ್ಲಿರುವ ಲೈಬ್ರರಿಗಳು, ಎಲ್ಲವನ್ನೂ ಬರೆಯಿರಿ. ಆ ಲೈಬ್ರರಿಗಳ ಪಟ್ಟಿಯಲ್ಲಿ ಯಾರೂ ಗಮನಿಸದ ಒಳ್ಳೆಯ ಸಣ್ಣ ಪ್ರಾಜೆಕ್ಟ್‌ಗಳು ಇದ್ದೇ ಇರುತ್ತವೆ.

ಪಟ್ಟಿಯಲ್ಲಿರುವ ಪ್ರತಿಯೊಂದರಲ್ಲೂ ಇವನ್ನು ನೋಡಿ:

1. ಲೈಸೆನ್ಸ್ ಫೈಲ್ ಇದೆಯಾ? ಕೋಡ್ ಎಲ್ಲರಿಗೂ ಕಾಣುತ್ತದೆ ಅಂದಮಾತ್ರಕ್ಕೆ ಅದು ಓಪನ್ ಸೋರ್ಸ್ ಅಲ್ಲ. ಲೈಸೆನ್ಸ್ ಇಲ್ಲದಿದ್ದರೆ ಬಿಟ್ಟುಬಿಡಿ.
2. ಇತ್ತೀಚೆಗೆ ಮುಚ್ಚಿದ ಹತ್ತಿಪ್ಪತ್ತು ಪುಲ್ ರಿಕ್ವೆಸ್ಟ್ ತೆರೆದು ಓದಿ. ಹೊರಗಿನವರು ಕಳಿಸಿದ್ದು ಮರ್ಜ್ ಆಗಿದೆಯಾ, ಅಂದರೆ ಪ್ರಾಜೆಕ್ಟ್‌ನ ಕೋಡ್‌ಗೆ ಸೇರಿದೆಯಾ? ಉತ್ತರ ಬರಲು ಎಷ್ಟು ದಿನ ಹಿಡಿಯಿತು? ಮಾತಿನ ಧಾಟಿ ಹೇಗಿದೆ?
3. 'ಕಾಂಟ್ರಿಬ್ಯೂಟಿಂಗ್' ಎಂಬ ಫೈಲ್ ಇದೆಯಾ? ಇದ್ದರೆ ಕೊನೆಯ ಸಾಲಿನವರೆಗೂ ಓದಿ.

ಈ ಮೂರರಲ್ಲಿ ಎರಡನೆಯದೇ ಮುಖ್ಯ. ಗಿಟ್‌ಹಬ್‌ನಲ್ಲಿ ಜನ ಮೆಚ್ಚಿ ಒತ್ತಿದ ನಕ್ಷತ್ರಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಸಾವಿರಗಟ್ಟಲೆ ನಕ್ಷತ್ರ ಇದ್ದೂ ತಿಂಗಳುಗಟ್ಟಲೆ ಯಾರೂ ಉತ್ತರಿಸದ ರೆಪೊಗಳು ಬೇಕಾದಷ್ಟಿವೆ.

ಮೊದಲ ಸಲಕ್ಕೆ ತೀರಾ ದೊಡ್ಡದು ಬೇಡ. ಕ್ರೋಮ್ ಬ್ರೌಸರ್‌ನ ಮೂಲವಾದ ಕ್ರೋಮಿಯಂ ಬಿಲ್ಡ್ ಮಾಡಲು 100 ಜಿಬಿಯಷ್ಟು ಖಾಲಿ ಜಾಗ ಬೇಕು. ಲಿನಕ್ಸ್ ಕರ್ನಲ್‌ನವರು ಪುಲ್ ರಿಕ್ವೆಸ್ಟ್ ಬದಲು ಇಮೇಲ್‌ನಲ್ಲಿ ಪ್ಯಾಚ್ ಕೇಳುತ್ತಾರೆ, ಅದನ್ನೇ ಬೇರೆಯಾಗಿ ಕಲಿಯಬೇಕು.

ಹೊಸಬರಿಗೆ ಸೂಕ್ತವಾದ ಇಶ್ಯೂಗಳಿಗೆ (ಪ್ರಾಜೆಕ್ಟ್‌ನಲ್ಲಿ ದಾಖಲಾದ ತೊಂದರೆ, ಕೋರಿಕೆಗಳಿಗೆ) ಅಂಟಿಸುವ 'ಗುಡ್ ಫಸ್ಟ್ ಇಶ್ಯೂ' ಎಂಬ ಲೇಬಲ್ ಹುಡುಕಿಕೊಂಡು ಹೋಗುವುದು ಎಲ್ಲರೂ ಕೊಡುವ ಸಲಹೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಹೆಸರಾದ ಪ್ರಾಜೆಕ್ಟ್‌ನಲ್ಲಿ ಆ ಲೇಬಲ್ ಬೀಳುತ್ತಿದ್ದಂತೆ ಹತ್ತು ಜನ 'ನನಗೆ ಕೊಡಿ' ಅಂತ ಮುಗಿಬೀಳುತ್ತಾರೆ. ನಿಮಗೇ ಎದುರಾದ ಬಗ್‌ಗೆ ಅಷ್ಟು ಪೈಪೋಟಿ ಇರುವುದಿಲ್ಲ.

ಕನ್ನಡಿಗರಿಗೆ ಇಲ್ಲೊಂದು ಅನುಕೂಲ ಇದೆ. ಕನ್ನಡ ಪಠ್ಯ ಹಾಕಿ ನೋಡಿದರೆ ಮಾತ್ರ ಸಿಕ್ಕಿಬೀಳುವ ಬಗ್‌ಗಳು ಎಷ್ಟೋ ಇವೆ. ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುವುದು, ಉದ್ದದ ಶೀರ್ಷಿಕೆ ಮೊಟಕಾಗಿ 'ಕನ್ನಡ' ಅನ್ನುವುದು 'ಕನ್' ಅಂತ ನಿಲ್ಲುವುದು, ಹುಡುಕಿದರೆ ಪದ ಸಿಗದಿರುವುದು. ಪ್ರಾಜೆಕ್ಟ್ ನಡೆಸುವವರಿಗೆ ಕನ್ನಡ ಓದಲು ಬರದಿದ್ದರೆ ಇವು ಅವರ ಕಣ್ಣಿಗೆ ಬೀಳುವುದೇ ಇಲ್ಲ. ವಿಕಿಮೀಡಿಯಾದ ಜೆಕ್ವೆರಿ ಐಎಂಇ ಎಂಬ ಟೈಪಿಂಗ್ ಲೈಬ್ರರಿಯಲ್ಲಿ ಕೆಜಿಪಿ, ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ಹೀಗೆ ಕನ್ನಡ ಕೀಲಿಮಣೆಗಳ ನಿಯಮಗಳು ಒಂದೊಂದು ಸಣ್ಣ ಜಾವಾಸ್ಕ್ರಿಪ್ಟ್ ಫೈಲಿನಲ್ಲಿವೆ. ಕನ್ನಡ ಟೈಪಿಂಗ್ ಗೊತ್ತಿರುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಮರ್ ಅದನ್ನು ಓದಿ ಅರ್ಥ ಮಾಡಿಕೊಳ್ಳಬಹುದು.

## ಹಂತ 4: ಏನನ್ನೂ ಮುಟ್ಟದೆ ಬಿಲ್ಡ್ ಮಾಡಿ

ಅತಿ ಹೆಚ್ಚು ಜನ ಹಾರಿಸುವ ಹಂತ ಇದು. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ರೆಪೊ ಫೋರ್ಕ್ ಮಾಡಿ. ನಿಮ್ಮ ಫೋರ್ಕನ್ನು ಕ್ಲೋನ್ ಮಾಡಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮೂಲ ರೆಪೊವನ್ನು 'ಅಪ್‌ಸ್ಟ್ರೀಮ್' ಎಂಬ ಹೆಸರಿನಲ್ಲಿ ಇನ್ನೊಂದು ರಿಮೋಟ್ (ದೂರದ ರೆಪೊದ ವಿಳಾಸ) ಆಗಿ ಸೇರಿಸಿ. ಈಗ ಸೂಚನೆಗಳಲ್ಲಿ ಇರುವುದನ್ನು ಇದ್ದ ಹಾಗೇ, ಒಂದೊಂದಾಗಿ ಮಾಡುತ್ತಾ ಹೋಗಿ. ಪಕ್ಕದಲ್ಲಿ ಒಂದು ಟೆಕ್ಸ್ಟ್ ಫೈಲ್ ತೆರೆದಿಟ್ಟು ಕೊಟ್ಟ ಪ್ರತಿ ಕಮಾಂಡ್, ಬಂದ ಪ್ರತಿ ಎರರ್, ನೀವು ಮಾಡಿದ ಪರಿಹಾರ ಎಲ್ಲವನ್ನೂ ಬರೆದಿಡಿ.

ನೋಡ್ ಅಥವಾ ಪೈಥಾನ್ ಆವೃತ್ತಿ ಹೊಂದದಿರುವುದು ಇಲ್ಲಿ ಬರುವ ಮಾಮೂಲಿ ತೊಂದರೆ. ಪ್ರಾಜೆಕ್ಟ್ ಕೇಳುವ ಆವೃತ್ತಿಯನ್ನೇ ಎನ್‌ವಿಎಂ, ಪೈಎನ್‌ವಿ ಥರದ ಸಾಧನದಿಂದ ಹಾಕಿಕೊಳ್ಳಿ. ಇಡೀ ಸಿಸ್ಟಂನ ಆವೃತ್ತಿ ಬದಲಿಸಲು ಹೋದರೆ ಬೇರೆ ಕೆಲಸಗಳು ಕೆಡುತ್ತವೆ.

ಬಿಲ್ಡ್ ಆದ ಮೇಲೆ ಎಲ್ಲಾ ಟೆಸ್ಟ್‌ಗಳನ್ನು ಓಡಿಸಿ. ಎಷ್ಟು ಪಾಸ್ ಆದವು, ಎಷ್ಟು ಫೇಲ್ ಆದವು ಅಂತ ಬರೆದಿಟ್ಟುಕೊಳ್ಳಿ. ನೀವು ಇನ್ನೂ ಏನನ್ನೂ ಮುಟ್ಟಿಲ್ಲ ಅಲ್ವಾ? ಹಾಗಾಗಿ ಈಗ ಫೇಲ್ ಆದದ್ದು ನಿಮ್ಮ ತಪ್ಪಲ್ಲ ಅಂತ ಗೊತ್ತಾಗುತ್ತದೆ. ಈ ಲೆಕ್ಕ ಇಲ್ಲದವರು ಮುಂದೆ ಯಾವುದೋ ಹಳೆಯ ಫೇಲ್ಯೂರ್ ತಮ್ಮದೇ ಅಂದುಕೊಂಡು ದಿನಗಟ್ಟಲೆ ಹುಡುಕುತ್ತಾರೆ.

ಸೂಚನೆಯಲ್ಲಿ ಎಲ್ಲಾದರೂ ತಪ್ಪಿತ್ತಾ? ಹೆಜ್ಜೆ ಬಿಟ್ಟುಹೋಗಿತ್ತಾ? ಹಾಗಿದ್ದರೆ ನಿಮ್ಮ ಮೊದಲ ಪುಲ್ ರಿಕ್ವೆಸ್ಟ್ ಅದೇ ಆಗಲಿ. ಬಿಲ್ಡ್ ಸೂಚನೆಯ ತಪ್ಪು ಹೊಸಬರಿಗೆ ಮಾತ್ರ ಕಾಣುತ್ತದೆ. ಹಳಬರ ಕಂಪ್ಯೂಟರಿನಲ್ಲಿ ಎಲ್ಲಾ ಮೊದಲೇ ಸರಿಯಾಗಿ ಕೂತಿರುತ್ತದೆ. ಅಲ್ಪವಿರಾಮ ತಿದ್ದಿ ಹೆಸರು ಗಳಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಇಲ್ಲಿ ನಿಮ್ಮ ಹಿಂದೆ ಬರುವ ಪ್ರತಿಯೊಬ್ಬರ ಸಮಯ ಉಳಿಯುತ್ತದೆ.

ಎರಡು ಮೂರು ಸಂಜೆ ಕೂತರೂ ಬಿಲ್ಡ್ ಆಗಲಿಲ್ಲ ಅಂದರೆ ಕೇಳಿ. ಕೇಳುವಾಗ ಆಪರೇಟಿಂಗ್ ಸಿಸ್ಟಂ, ಆವೃತ್ತಿ, ಕೊಟ್ಟ ಕಮಾಂಡ್, ಪೂರ್ತಿ ಎರರ್ ಪಠ್ಯ, ಇಷ್ಟೂ ಇರಲಿ. ಮೊಬೈಲ್‌ನಲ್ಲಿ ತೆಗೆದ ಸ್ಕ್ರೀನ್ ಫೋಟೋ ಹಾಕಬೇಡಿ. ಅದರಿಂದ ಪಠ್ಯ ಕಾಪಿ ಮಾಡಿ ಹುಡುಕಲು ಆಗುವುದಿಲ್ಲ.

## ಹಂತ 5: ಬಗ್ ಅನ್ನು ನಿಮ್ಮ ಕಣ್ಣೆದುರು ಮತ್ತೆ ಬರಿಸಿ, ಆಮೇಲೆ ಮಾತಾಡಿ

ಒಂದು ಉದಾಹರಣೆ ಹಿಡಿದು ಹೋಗೋಣ. ನೀವು ಬಳಸುವ ಟಿಪ್ಪಣಿ ಆ್ಯಪ್‌ನಲ್ಲಿ 'ಕೊಡಗು' ಅಂತ ಹುಡುಕಿದರೆ ಕೆಲವು ಟಿಪ್ಪಣಿ ಸಿಗುತ್ತವೆ, ಕೆಲವು ಸಿಗುವುದಿಲ್ಲ. ಎರಡೂ ಕಡೆ ಅದೇ ಪದ ಕಾಣುತ್ತಿದೆ.

ಕಾರಣ ಇದು: ಅಕ್ಷರ, ಚಿಹ್ನೆಗಳಿಗೆ ಕೋಡ್ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 'ಕೊ' ಅಕ್ಷರವನ್ನು ಎರಡು ರೀತಿ ಬರೆಯಬಹುದು. ಕ ಅಕ್ಷರದ ಮುಂದೆ ಒತ್ವದ ಚಿಹ್ನೆ ಒಂದೇ ಕೋಡ್ ಆಗಿ ಬರಬಹುದು. ಅಥವಾ ಎತ್ವದ ಚಿಹ್ನೆ, ಊಕಾರದ ಚಿಹ್ನೆ ಎಂದು ಎರಡು ಕೋಡ್ ಆಗಿ ಬರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಪ್ರೋಗ್ರಾಂ ಮಾತ್ರ ಅವನ್ನು ಬೇರೆ ಬೇರೆ ಪದ ಅಂದುಕೊಳ್ಳುತ್ತದೆ. ಹೋಲಿಸುವ ಮುಂಚೆ ಎರಡನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆ ನಾರ್ಮಲೈಸ್ ಎಂಬ ಫಂಕ್ಷನ್ ಇದೆ, ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್ ಇದೆ.

ಇಷ್ಟು ಗೊತ್ತಾದ ತಕ್ಷಣ ಕೋಡ್‌ಗೆ ಕೈ ಹಾಕಬೇಡಿ. ಮೊದಲು ಬಗ್ ಪ್ರತಿ ಸಲವೂ ಬರುವಂಥ ಅತಿ ಚಿಕ್ಕ ದಾರಿ ಕಂಡುಕೊಳ್ಳಿ. 'ಹೊಸ ಟಿಪ್ಪಣಿ ತೆರೆಯಿರಿ, ಈ ಪಠ್ಯ ಅಂಟಿಸಿ, ಈ ಪದ ಹುಡುಕಿ, ಫಲಿತಾಂಶ ಖಾಲಿ' ಎನ್ನುವಷ್ಟು ಸರಳವಾಗಿರಬೇಕು. ಅದು ಪ್ರಾಜೆಕ್ಟ್‌ನ ಹೊಸ ಕೋಡ್ ಸೇರುವ ಮೇನ್ ಬ್ರ್ಯಾಂಚ್‌ನಲ್ಲೂ ಬರುತ್ತದೆಯಾ ನೋಡಿ. ನೀವು ಬಳಸುವ ಹಳೆಯ ಆವೃತ್ತಿಯಲ್ಲಿದ್ದ ಬಗ್ ಅಲ್ಲಿ ಆಗಲೇ ಸರಿಯಾಗಿರಬಹುದು.

ಆಮೇಲೆ ಇಶ್ಯೂಗಳಲ್ಲಿ ಹುಡುಕಿ, ಮುಚ್ಚಿದವನ್ನೂ ಸೇರಿಸಿ. 'ಇದನ್ನು ಮಾಡುವುದಿಲ್ಲ' ಅಂತ ಹಿಂದೆಯೇ ತೀರ್ಮಾನ ಆಗಿದ್ದರೆ ಅದು ಮುಚ್ಚಿದ ಇಶ್ಯೂಗಳಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಹೊಸ ಇಶ್ಯೂ ಬರೆಯಿರಿ: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಯಾವ ಆವೃತ್ತಿ. ಕೊನೆಗೆ ಒಂದು ಸಾಲು: 'ಹುಡುಕುವ ಮುಂಚೆ ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ಮಾಡಿದರೆ ಸರಿಹೋಗುತ್ತದೆ ಅನ್ನಿಸುತ್ತದೆ. ಒಪ್ಪಿಗೆ ಇದ್ದರೆ ನಾನೇ ಮಾಡಿ ಕಳಿಸುತ್ತೇನೆ.'

ಉತ್ತರಕ್ಕೆ ಕಾಯಿರಿ. ಪುಟ್ಟ, ಸ್ಪಷ್ಟವಾದ ಬಗ್ ಆದರೆ ನೇರ ಕೋಡ್ ಕಳಿಸಿದರೂ ನಡೆಯುತ್ತದೆ. ಹೊಸ ಫೀಚರ್ ಆದರೆ ಮಾತ್ರ ಒಪ್ಪಿಗೆ ಇಲ್ಲದೆ ಒಂದು ಸಾಲೂ ಬರೆಯಬೇಡಿ. ಅದನ್ನು ವರ್ಷಗಟ್ಟಲೆ ಸಾಕಬೇಕಾದವರು ಪ್ರಾಜೆಕ್ಟ್ ನಡೆಸುವವರು.

ಇಂಗ್ಲಿಷ್ ಬಗ್ಗೆ ಅಳುಕು ಇದ್ದರೆ ಸಣ್ಣ ವಾಕ್ಯ ಬರೆಯಿರಿ. ವ್ಯಾಕರಣ ತಪ್ಪಿದರೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಮಾಹಿತಿ ಬಿಟ್ಟುಹೋದರೆ ಮಾತ್ರ ಕಷ್ಟ. 'ಸರ್' 'ಮೇಡಂ' ಬೇಡ, ಅವರ ಯೂಸರ್ ಹೆಸರು ಸಾಕು.

## ಹಂತ 6: ಈಗ ಕೋಡ್

ಅಪ್‌ಸ್ಟ್ರೀಮ್‌ನ ಹೊಸ ಬದಲಾವಣೆಗಳನ್ನು ಎಳೆದುಕೊಂಡು ಹೊಸ ಬ್ರ್ಯಾಂಚ್ ಮಾಡಿ. ಮೇನ್ ಬ್ರ್ಯಾಂಚ್‌ನಲ್ಲೇ ಕಮಿಟ್ ಮಾಡಿದರೆ ಎರಡನೇ ಕೆಲಸ ಶುರು ಮಾಡುವಾಗ ಎರಡೂ ಗೋಜಲಾಗುತ್ತವೆ.

ಮೊದಲು ಟೆಸ್ಟ್ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಒಂದು ರೂಪದ 'ಕೊಡಗು' ಇಟ್ಟು ಇನ್ನೊಂದು ರೂಪದಲ್ಲಿ ಹುಡುಕುವ ಟೆಸ್ಟ್. ಅದು ಫೇಲ್ ಆಗಬೇಕು. ಆಮೇಲೆ ತಿದ್ದಿ. ಈಗ ಪಾಸ್ ಆಗಬೇಕು. ಟೆಸ್ಟ್ ಫೈಲಿನಲ್ಲಿ ಆ ಎರಡು ರೂಪಗಳನ್ನು ಕೋಡ್ ಸಂಖ್ಯೆಯಲ್ಲೇ ಬರೆಯಿರಿ. ಅಕ್ಷರವಾಗಿ ಬರೆದರೆ ಓದುವವರಿಗೆ ವ್ಯತ್ಯಾಸವೇ ಕಾಣದು.

ಸುತ್ತಮುತ್ತಲಿನ ಕೋಡ್ ಎಷ್ಟೇ ಕೊಳಕಾಗಿ ಕಂಡರೂ ಕೈ ಹಚ್ಚಬೇಡಿ. ಎಡಿಟರ್ ತಾನಾಗಿ ಇಡೀ ಫೈಲನ್ನು ಫಾರ್ಮ್ಯಾಟ್ ಮಾಡುತ್ತಿದ್ದರೆ ಅದನ್ನು ನಿಲ್ಲಿಸಿ. ನಾಲ್ಕು ಸಾಲಿನ ತಿದ್ದುಪಡಿ ನಾನೂರು ಸಾಲಾಗಿ ಕಂಡರೆ ಯಾರೂ ಓದುವುದಿಲ್ಲ. ಲೈಬ್ರರಿಗಳ ನಿಖರ ಆವೃತ್ತಿ ಬರೆದಿಡುವ ಪ್ಯಾಕೇಜ್ ಲಾಕ್ ಫೈಲ್ ತಾನಾಗಿ ಬದಲಾಗಿದ್ದರೆ ಅದನ್ನೂ ಕಮಿಟ್‌ಗೆ ಸೇರಿಸಬೇಡಿ. ಕಮಿಟ್ ಮಾಡುವ ಮುಂಚೆ, ಬದಲಾದ ಸಾಲುಗಳನ್ನು ತೋರಿಸುವ ಗಿಟ್ ಡಿಫ್ ನೋಡಿ, ಪ್ರತಿ ಸಾಲಿಗೂ 'ಇದು ಯಾಕೆ ಇಲ್ಲಿದೆ' ಅಂತ ಕೇಳಿಕೊಳ್ಳಿ.

ಎಐ ಸಹಾಯದ ಬಗ್ಗೆ ಪ್ರಾಜೆಕ್ಟ್‌ನ ನಿಯಮ ಏನಿದೆ ಅಂತ ಮೊದಲೇ ನೋಡಿ. ಜೆಂಟೂ ಲಿನಕ್ಸ್‌ನವರು 2024ರ ಏಪ್ರಿಲ್‌ನಲ್ಲಿ ಎಐ ಬರೆದ ಕೋಡ್ ಬೇಡ ಅಂತ ತೀರ್ಮಾನಿಸಿದರು. ಡೇಟಾ ವರ್ಗಾಯಿಸುವ ಸಾಧನವಾದ ಕರ್ಲ್ ಪ್ರಾಜೆಕ್ಟ್ ಶುರು ಮಾಡಿದ ಡೇನಿಯಲ್ ಸ್ಟೆನ್‌ಬರ್ಗ್, ಎಐ ಹುಟ್ಟಿಸಿದ ಸುಳ್ಳು ಭದ್ರತಾ ವರದಿಗಳಿಂದ ಸಮಯ ಹಾಳಾಗುತ್ತಿದೆ ಅಂತ ಬಹಿರಂಗವಾಗಿಯೇ ಹೇಳಿದ್ದಾರೆ. ನಿಯಮ ಎಐ ಬಳಸಲು ಬಿಟ್ಟರೂ, ನೀವು ವಿವರಿಸಲಾಗದ ಒಂದು ಸಾಲನ್ನೂ ಕಳಿಸಬಾರದು. ರಿವ್ಯೂನಲ್ಲಿ, ಅಂದರೆ ಪ್ರಾಜೆಕ್ಟ್‌ನವರು ಕೋಡ್ ಪರಿಶೀಲಿಸುವಾಗ, ಪ್ರಶ್ನೆ ಬರುವುದು ನಿಮಗೆ.

## ಹಂತ 7: ಪುಲ್ ರಿಕ್ವೆಸ್ಟ್ ಬರೆಯುವುದು

ಓದುವವರು ನಿಮ್ಮ ಕೋಡ್‌ಗಿಂತ ಮೊದಲು ನಿಮ್ಮ ವಿವರಣೆ ಓದುತ್ತಾರೆ. ಪ್ರಾಜೆಕ್ಟ್‌ನ ಟೆಂಪ್ಲೇಟ್ ಇದ್ದರೆ ಅದನ್ನು ಅಳಿಸದೆ ತುಂಬಿಸಿ. ಇಲ್ಲದಿದ್ದರೆ ಈ ಅಳತೆಯಲ್ಲಿ ಬರೆದರೆ ಸಾಕು:

'ಕನ್ನಡದ ಕೆಲವು ಸ್ವರ ಚಿಹ್ನೆಗಳು ಎರಡು ಯೂನಿಕೋಡ್ ರೂಪದಲ್ಲಿ ಬರುತ್ತವೆ. ಹುಡುಕಾಟ ಎರಡನ್ನೂ ಬೇರೆ ಅಂದುಕೊಳ್ಳುವುದರಿಂದ ಟಿಪ್ಪಣಿ ಸಿಗುತ್ತಿರಲಿಲ್ಲ. ಹೋಲಿಸುವ ಮುಂಚೆ ಎರಡೂ ಕಡೆ ಎನ್‌ಎಫ್‌ಸಿ ಮಾಡಿದ್ದೇನೆ. ಉಳಿಸಿಟ್ಟ ಟಿಪ್ಪಣಿಗಳನ್ನು ಬದಲಿಸಿಲ್ಲ. ಹೊಸ ಟೆಸ್ಟ್ ಸೇರಿಸಿದ್ದೇನೆ, ಉಬುಂಟುವಿನಲ್ಲಿ ಎಲ್ಲಾ ಟೆಸ್ಟ್ ಪಾಸ್ ಆಗಿವೆ.'

ಜೊತೆಗೆ ಇಶ್ಯೂ ಸಂಖ್ಯೆ. ಏನನ್ನು ಬದಲಿಸಿಲ್ಲ ಅಂತ ಹೇಳುವ ಸಾಲು ಬಹಳ ಉಪಯೋಗಕ್ಕೆ ಬರುತ್ತದೆ, ಬಿಡಬೇಡಿ. ಒಂದು ಪುಲ್ ರಿಕ್ವೆಸ್ಟ್‌ನಲ್ಲಿ ಒಂದೇ ಕೆಲಸ ಇರಲಿ.

ಕಳಿಸಿದ ಮೇಲೆ ಟೆಸ್ಟ್‌ಗಳು ಓಡದೆ ಹಾಗೇ ನಿಂತಿದ್ದರೆ ಗಾಬರಿ ಬೇಡ. ಮೊದಲ ಸಲ ಕಳಿಸುವವರ ಕೋಡ್ ಓಡಿಸಲು ಗಿಟ್‌ಹಬ್ ಸಾಮಾನ್ಯವಾಗಿ ಪ್ರಾಜೆಕ್ಟ್‌ನವರ ಅನುಮತಿ ಕೇಳುತ್ತದೆ.

## ಹಂತ 8: ರಿವ್ಯೂ

ಒಂದು ವಾರ ಉತ್ತರ ಬರದಿದ್ದರೆ ಅದು ಮಾಮೂಲಿ. ಎರಡು ವಾರ ಕಳೆದ ಮೇಲೆ ವಿನಯದಿಂದ ಒಂದು ಸಲ ನೆನಪಿಸಿ. ದಿನಾ ಟ್ಯಾಗ್ ಮಾಡುವುದು, ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೆಸೇಜ್ ಹಾಕುವುದು ಬೇಡ.

ರಿವ್ಯೂ ಬಂದಾಗ ಹತ್ತು ಕಾಮೆಂಟ್ ಇದ್ದರೆ ಮನಸ್ಸು ಕುಗ್ಗುತ್ತದೆ. ಆದರೆ ಅದು ಒಳ್ಳೆಯ ಸುದ್ದಿ. ಬೇಡದ ಕೋಡ್ ಅನ್ನು ಯಾರೂ ಸಾಲು ಸಾಲಾಗಿ ಓದುವುದಿಲ್ಲ. ಪ್ರತಿ ಕಾಮೆಂಟಿಗೂ ಉತ್ತರ ಕೊಡಿ. ಒಪ್ಪಿದರೆ ತಿದ್ದಿ 'ಆಯಿತು' ಅನ್ನಿ. ಒಪ್ಪದಿದ್ದರೆ ಕಾರಣ ಹೇಳಿ. ನಮ್ಮ ಉದಾಹರಣೆಯಲ್ಲಿ 'ಪ್ರತಿ ಹುಡುಕಾಟದಲ್ಲೂ ಹೀಗೆ ಮಾಡಿದರೆ ನಿಧಾನ ಆಗುವುದಿಲ್ವಾ? ಉಳಿಸುವಾಗಲೇ ಮಾಡಿದರೆ?' ಅಂತ ಕೇಳಬಹುದು. ಆಗ ವಾದಕ್ಕೆ ಇಳಿಯಬೇಡಿ. ಸಾವಿರಾರು ಟಿಪ್ಪಣಿ ಹಾಕಿ ಸಮಯ ಅಳೆದು ಆ ಅಂಕಿಯನ್ನು ಮುಂದಿಡಿ. ಉಳಿಸುವಾಗ ಮಾಡಿದರೆ ಈಗಾಗಲೇ ಇರುವ ಟಿಪ್ಪಣಿಗಳು ಸಿಗದೇ ಉಳಿಯುತ್ತವೆ ಅನ್ನುವುದನ್ನೂ ಹೇಳಿ.

ಅಷ್ಟರಲ್ಲಿ ಮೇನ್ ಮುಂದೆ ಹೋಗಿ ಕಾನ್‌ಫ್ಲಿಕ್ಟ್ ಬಂದರೆ ರಿಬೇಸ್ ಮಾಡಿ. ಪುಶ್ ಮಾಡುವಾಗ ಬರೀ 'ಫೋರ್ಸ್' ಬದಲು 'ಫೋರ್ಸ್ ವಿತ್ ಲೀಸ್' ಆಯ್ಕೆ ಬಳಸಿ. ನಿಮ್ಮ ಬ್ರ್ಯಾಂಚ್‌ಗೆ ಬೇರೆಯವರು ಹಾಕಿದ ಕಮಿಟ್ ಅಳಿಸಿಹೋಗದಂತೆ ಅದು ತಡೆಯುತ್ತದೆ. ಗೋಜಲಾಯಿತು ಅಂತ ಹಳೆಯ ಪುಲ್ ರಿಕ್ವೆಸ್ಟ್ ಮುಚ್ಚಿ ಹೊಸದು ತೆರೆಯಬೇಡಿ, ಅಲ್ಲಿಯವರೆಗಿನ ಮಾತುಕತೆಯೆಲ್ಲ ಹಿಂದೆ ಉಳಿಯುತ್ತದೆ.

## ಇವು ಕಂಡರೆ ಅಲ್ಲೇ ನಿಲ್ಲಿ

- ನೀವು ಏನನ್ನು ಸರಿಮಾಡುತ್ತಿದ್ದೀರಿ ಅಂತ ಎರಡು ವಾಕ್ಯದಲ್ಲಿ ಹೇಳಲು ಆಗುತ್ತಿಲ್ಲ.
- ಟೀ ಶರ್ಟ್, ಸರ್ಟಿಫಿಕೇಟ್ ಅಥವಾ ಗಿಟ್‌ಹಬ್ ಪ್ರೊಫೈಲ್‌ನಲ್ಲಿ ನಿಮ್ಮ ಚಟುವಟಿಕೆ ತೋರಿಸುವ ಹಸಿರು ಚೌಕಗಳಿಗಾಗಿ ಕೋಡ್ ಕಳಿಸುತ್ತಿದ್ದೀರಿ. ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಬಹುಮಾನ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ 2020ರಲ್ಲಿ ಟೀ ಶರ್ಟ್ ಆಸೆಗೆ ಕಸದಂಥ ಪುಲ್ ರಿಕ್ವೆಸ್ಟ್‌ಗಳು ಎಷ್ಟು ಬಂದವೆಂದರೆ, ತಾವಾಗಿ ಒಪ್ಪಿದ ಪ್ರಾಜೆಕ್ಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ನಡುವೆಯೇ ನಿಯಮ ಬದಲಿಸಬೇಕಾಯಿತು.
- ಭದ್ರತೆಯ ದೋಷ ಸಿಕ್ಕಿದೆ. ಇದನ್ನು ಎಲ್ಲರಿಗೂ ಕಾಣುವ ಇಶ್ಯೂನಲ್ಲಿ ಬರೆಯಲೇಬಾರದು. 'ಸೆಕ್ಯೂರಿಟಿ' ಎಂಬ ಫೈಲಿನಲ್ಲಿ ಹೇಳಿದ ದಾರಿಯಲ್ಲಿ ಗುಟ್ಟಾಗಿ ತಿಳಿಸಿ.
- ಪ್ರಾಜೆಕ್ಟ್‌ನವರು ಹೊಸಬರನ್ನು ಹೀಯಾಳಿಸುತ್ತಿದ್ದಾರೆ. ಅಂಥ ಕಡೆ ನಿಮ್ಮ ಸಂಜೆಗಳನ್ನು ಕಳೆಯಬೇಕಿಲ್ಲ. ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.

## ಹಂತ 9: ಮರ್ಜ್ ಆದ ಮೇಲೆ

ಬ್ರ್ಯಾಂಚ್ ಅಳಿಸಿ, ನಿಮ್ಮ ಫೋರ್ಕನ್ನು ಅಪ್‌ಸ್ಟ್ರೀಮ್ ಜೊತೆ ಸರಿಸಮ ಮಾಡಿ. ಇನ್ನೊಂದು ಪ್ರಾಜೆಕ್ಟ್ ಹುಡುಕಬೇಡಿ. ಬಿಲ್ಡ್ ಕಲಿತಿದ್ದೀರಿ, ಅಲ್ಲಿನವರಿಗೆ ನಿಮ್ಮ ಹೆಸರು ಗೊತ್ತಾಗಿದೆ, ಎರಡನೆಯದು ಅಲ್ಲೇ ಸಲೀಸು. ಕೋಡ್ ಬರೆಯಲು ಸಮಯ ಇಲ್ಲದ ವಾರಗಳಲ್ಲಿ ಬೇರೆಯವರು ಬರೆದ ಇಶ್ಯೂ ಒಂದನ್ನು ತೆರೆದು, ಆ ಬಗ್ ನಿಮ್ಮ ಕಂಪ್ಯೂಟರಿನಲ್ಲೂ ಬರುತ್ತದೆಯಾ ಅಂತ ಪರೀಕ್ಷಿಸಿ ಆವೃತ್ತಿ ಸಮೇತ ಉತ್ತರ ಹಾಕಿ. ಯಾರೂ ಮಾಡಲು ಮುಂದೆ ಬರದ, ಪ್ರಾಜೆಕ್ಟ್ ನಡೆಸುವವರಿಗೆ ತುಂಬಾ ಬೇಕಾದ ಕೆಲಸ ಅದು.

ಬೆಂಗಳೂರಿನ ಸುತ್ತಮುತ್ತ ಇದ್ದರೆ ಓಪನ್ ಸೋರ್ಸ್ ಬೆಂಬಲಿಸುವ ಫಾಸ್ ಯುನೈಟೆಡ್ ಸಂಸ್ಥೆಯವರ ಭೇಟಿಗಳಿಗೆ ಹೋಗಿ. ಎರಡು ದಿನದಿಂದ ಬಿಡಿಸಲಾಗದ ಬಿಲ್ಡ್ ಎರರ್ ಇದ್ದರೆ ಲ್ಯಾಪ್‌ಟಾಪ್ ಜೊತೆಗೇ ತೆಗೆದುಕೊಂಡು ಹೋಗಿ.